ಗ್ರಾಮಿನ ಖಾರ, ಬಟ್ಟಲಿನ ಖಾರ

ನನ್ನ ತಮ್ಮನ ಹೆಂಡತಿ ತಕ್ಕಡಿ ಕೊಂಡಳು ಎಂಬ ಸುದ್ದಿ ಕೇಳಿದ ದಿನವೇ ನನಗೆ ಅದು ಸರಿಬರಲಿಲ್ಲ. ದೊಡ್ಡ ತಕ್ಕಡಿಯೇನಲ್ಲ. ಊಟದ ತಟ್ಟೆಗಿಂತ ಸಣ್ಣದಾದ ಗಾಜಿನ ಹಲಗೆ, ಮೇಲೆ ಏನಿಟ್ಟರೂ ಮುಂದುಗಡೆ ಅಂಕಿ ಮೂಡುತ್ತದೆ. ಮೊಬೈಲಿನಲ್ಲಿ ಆರ್ಡರ್ ಮಾಡಿ ಬೆಟಗೇರಿಯ ಮನೆ ಬಾಗಿಲಿಗೇ ತರಿಸಿಕೊಂಡಿದ್ದಳು. ಕೇಕ್ ಮಾಡಲು ಬೇಕು ಅಂದಿದ್ದಳಂತೆ. ಆ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಲ್ಲಿ ಯಾರೂ ಏನನ್ನೂ ತೂಗಿ ಅಡಿಗೆ ಮಾಡಿದ್ದನ್ನು ನೋಡಿಲ್ಲ. ಕೇಕು ಎಷ್ಟು ಸಲ ಮಾಡಿದಳೋ ಗೊತ್ತಿಲ್ಲ, ಆ ಬೇಸಿಗೆಯಲ್ಲಿ ಮಾತ್ರ ನಮ್ಮವ್ವನ ಮಸಾಲೆ ಖಾರದ ಸಾಮಾನನ್ನೆಲ್ಲ ಅದರ ಮೇಲಿಟ್ಟು ತೂಗಿದಳು.

ಮಸಾಲೆ ಖಾರವಿಲ್ಲದೆ ನಮ್ಮ ಕಡೆ ಒಲೆ ಹತ್ತುವುದಿಲ್ಲ. ಬೇಸಿಗೆಯ ಬಿಸಿಲಿಗೆ ಬ್ಯಾಡಗಿ ಮೆಣಸಿನಕಾಯಿ ಒಣಗಿಸಬೇಕು. ಹವೀಜ, ಅಂದರೆ ಕೊತ್ತಂಬರಿ ಕಾಳು, ಅದರ ಜೊತೆ ಜೀರಿಗೆ, ಎಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಹುರಿದು, ಉಪ್ಪು ಸೇರಿಸಿ ಗಿರಣಿಯಲ್ಲಿ ಕುಟ್ಟಿಸಿ ತರಬೇಕು. ಆಮೇಲೆ ಎಣ್ಣೆ ಹಾಕಿ ಕೈಯಿಂದ ಕಲಸಿ ಡಬ್ಬಿಗೆ ಒತ್ತಿ ತುಂಬಿದರೆ ವರ್ಷವಿಡೀ ಪಲ್ಯಕ್ಕೂ ಅದೇ, ಸಾರಿಗೂ ಅದೇ, ಏನೂ ಇಲ್ಲದ ದಿನ ರೊಟ್ಟಿಗೆ ಹಚ್ಚಿಕೊಳ್ಳಲೂ ಅದೇ. ಮೆಣಸಿನಕಾಯಿಯನ್ನು ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಸಿ ತರುತ್ತಾರೆ. ಕೊಬ್ಬರಿ, ಬೆಳ್ಳುಳ್ಳಿ ಎಣಿಸಿ ಹಾಕುವಂಥವು. ಅದಕ್ಕೆ ಬೀಳುವ ಮಿಕ್ಕಿದ್ದೆಲ್ಲ ಬಟ್ಟಲಿನ ಲೆಕ್ಕ. ಕಿಲೋ ಮೆಣಸಿನಕಾಯಿಗೆ ಇಷ್ಟು ಬಟ್ಟಲು ಹವೀಜ, ಇಷ್ಟು ಬಟ್ಟಲು ಉಪ್ಪು ಅಂತ. ಯಾವ ಮನೆಯ ಬಟ್ಟಲು ಎಷ್ಟು ದೊಡ್ಡದು ಎಂಬುದು ಆ ಮನೆಯವರಿಗೇ ಗೊತ್ತು, ಆದ್ದರಿಂದ ಒಬ್ಬರ ಖಾರ ಇನ್ನೊಬ್ಬರಿಗೆ ಬರುವುದಿಲ್ಲ.

ಮಗಳು ಮದುವೆಯಾಗಿ ಹೋದ ಮೇಲೂ ವರ್ಷಕ್ಕೊಂದು ದೊಡ್ಡ ಡಬ್ಬಿ ಖಾರ ತವರಿನಿಂದ ಹೋಗಬೇಕು. ನನ್ನನ್ನು ಮುಂಡರಗಿಗೆ ಕೊಟ್ಟರು. ನಮ್ಮ ಮನೆಯವರದು ಕಿರಾಣಿ ಅಂಗಡಿ. ಹವೀಜ, ಜೀರಿಗೆ ಚೀಲಗಟ್ಟಲೆ ಬಿದ್ದಿರುತ್ತವೆ, ಆದರೂ ನಮ್ಮ ಒಲೆಗೆ ಖಾರ ಬರುವುದು ಬೆಟಗೇರಿಯಿಂದಲೇ. ಒಮ್ಮೆ ಅವ್ವನಿಗೆ, "ನನಗೂ ಮಾಡಾಕ ಕಲಸಬೇ" ಅಂದಿದ್ದೆ. "ನೀ ಯಾಕ ಕಲೀತಿ? ನಾ ಇಲ್ಲೇನು ಕಳಸಾಕ?" ಅಂದಳು. ನಾನದನ್ನು ಪ್ರೀತಿ ಎಂದುಕೊಂಡು ಹಿಗ್ಗಿದೆ. ಆಮೇಲೆ ತಮ್ಮನಿಗೆ ಲಕ್ಷ್ಮೇಶ್ವರದ ತಾಯಿಯಿಲ್ಲದ ಹೆಣ್ಣು ತಂದರು. ಬಂದ ಮೊದಲ ಬೇಸಿಗೆಯಲ್ಲೇ ಅವ್ವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹವೀಜ ಹುರಿಯುವುದನ್ನು ತೋರಿಸಿದಳು. ಕಳಿಸುವುದು ಮಗಳಿಗೆ, ಕಲಿಸುವುದು ಸೊಸೆಗೆ. ಇದು ನನ್ನ ತಲೆಗೆ ಹೊಳೆದ ದಿನದಿಂದ ತವರಿನ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ನನ್ನ ಹೊಟ್ಟೆಯೊಳಗೂ ಸ್ವಲ್ಪ ಖಾರ ಬೀಳತೊಡಗಿತು.

ಅವಳು ಜಗಳಗಂಟಿಯಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ದನಿ ಎತ್ತುವವಳಲ್ಲ. ನಾನು ಹೋದರೆ ಕೈಗೆ ನೀರು ಕೊಟ್ಟು, "ಬರ್ರಿ ಅಕ್ಕಾರ, ಕುಂಡ್ರಿ" ಅನ್ನುತ್ತಾಳೆ. ಅವ್ವನ ತಲೆಗೆ ಎಣ್ಣೆ ಹಚ್ಚುತ್ತಾಳೆ. ಅವ್ವನ ಗುಳಿಗೆ ಯಾವುದು, ಊಟಕ್ಕೆ ಮುಂಚಿನದೋ ಆಮೇಲಿನದೋ, ಎಲ್ಲ ಅವಳಿಗೆ ಬಾಯಿಪಾಠ. ನಾನು ಕೇಳಿದರೆ ಅವ್ವ, "ಅಕಿನ್ನ ಕೇಳು, ಅಕೀಗೆ ಗೊತ್ತು" ಅಂದುಬಿಡುತ್ತಾಳೆ. ನನ್ನವ್ವನ ಬಗ್ಗೆ ತಿಳಿದುಕೊಳ್ಳಲು ನಾನು ಇನ್ನೊಬ್ಬರನ್ನು ಕೇಳಬೇಕು. ಹೊಟ್ಟೆಕಿಚ್ಚು ಪಡಲು ಒಂದು ಕಾರಣವನ್ನೂ ಕೊಡದವರ ಮೇಲೆ ಹೊಟ್ಟೆಕಿಚ್ಚು ಪಡುವುದಿದೆಯಲ್ಲ, ಅದರಷ್ಟು ತ್ರಾಸಿನ ಕೆಲಸ ಬೇರೆ ಇಲ್ಲ.

ತೂಗಿದ ದಿನ ನಾನು ಅಲ್ಲಿರಲಿಲ್ಲ. ಅವಳೇ ವಿಡಿಯೋ ಕಾಲ್ ಮಾಡಿ, "ಅಕ್ಕಾರ, ನೋಡ್ರಿ ಇಲ್ಲೆ, ಅತ್ತ್ಯಾರು ತಕ್ಕಡಿ ಮುಂದ ಕುಂತಾರ" ಎಂದು ನಕ್ಕಳು. ನನಗೆ ಕಂಡದ್ದು ಅವ್ವನ ಅರ್ಧ ಹಣೆ ಮತ್ತು ತಿರುಗುವ ಫ್ಯಾನು. ಅವ್ವನ ದನಿ ಮಾತ್ರ ಕೇಳುತ್ತಿತ್ತು. "ಬರ್ಕೊಂಡಿಯೇನ? ಇದು ಹವೀಜ. ಇಡಲೇನ?" ಎಂದು ಶಾಲೆಯ ಹುಡುಗಿಯ ಹಾಗೆ ಕೇಳುತ್ತಿದ್ದಳು. ನನಗೆ ಒಮ್ಮೆಯೂ ಅಳತೆ ಹೇಳದ ಅವ್ವ ಅವಳ ಮುಂದೆ ಒಂದೊಂದೇ ಬಟ್ಟಲನ್ನು ಗಾಜಿನ ಮೇಲಿಟ್ಟು ಅವಳು ಅಂಕಿ ಓದುವವರೆಗೆ ಕಾಯುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. "ಅನ್ನಕ್ಕ ಇಟ್ಟೀನಿ, ಹೊತ್ತತೈತಿ" ಎಂದು ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಅವ್ವನ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು ಖಾರದ ಘಾಟಿನ ಹತ್ತಿರ ಸುಳಿಯಬಾರದೆಂದು ಹೇಳಿದರು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಳು. ನಮ್ಮ ಮನೆಯ ಖಾರದ ಡಬ್ಬಿ ತಳ ಕಾಣುತ್ತಿದ್ದ ದಿನ ತಮ್ಮನ ಹೆಂಡತಿಯ ಫೋನು ಬಂತು. "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ನಿಮ್ಮ ಡಬ್ಬಿ ನಾ ಮಾಡಿ ಕಳಸ್ತೀನಿ."

"ಬ್ಯಾಡ ಬಿಡು. ನಾನ ಮಾಡ್ಕೋತೀನಿ. ಅಳತಿ ಅಷ್ಟ ಹೇಳು" ಅಂದೆ. ನನಗೆ ಗೊತ್ತಿಲ್ಲದ ನನ್ನವ್ವನ ಅಳತೆಯನ್ನು ಅವಳ ಹತ್ತಿರ ಕೇಳಬೇಕಾಯಿತಲ್ಲ. ಆದರೆ ಅವಳ ಕೈಯ ಖಾರವನ್ನು ತವರಿನ ಖಾರ ಎಂದು ಉಣ್ಣುವುದಕ್ಕಿಂತ ಇದು ಮೇಲು. ಅವ್ವನ ಖಾರ ಈ ವರ್ಷ ಅವಳ ಕೈಗೆ ಹೋದರೆ ಅವ್ವನೇ ಪೂರಾ ಅವಳ ಪಾಲಾದಂತೆ. ನನಗಿದ್ದದ್ದು ಆ ಒಂದೇ ಭಯ.

ಅರ್ಧ ಗಂಟೆಯಲ್ಲಿ ವಾಯ್ಸ್ ಮೆಸೇಜ್ ಬಂತು. ಒಂದು ಕಿಲೋ ಮೆಣಸಿನಕಾಯಿಗೆ ಹವೀಜ ಮುನ್ನೂರ ಎಪ್ಪತ್ತು ಗ್ರಾಂ, ಜೀರಿಗೆ ನೂರ ಹದಿನೈದು, ಎಳ್ಳು ನೂರ ಐವತ್ತು, ಉಪ್ಪು ಮುನ್ನೂರು, ಎಣ್ಣೆ ನೂರ ಎಂಬತ್ತು. ಎಲ್ಲ ಗ್ರಾಮು. ಔಷಧಿ ಅಂಗಡಿಯವರ ಹಾಗೆ ಒಂದೊಂದನ್ನೂ ಎರಡು ಸಲ ಸಾವಕಾಶವಾಗಿ ಹೇಳಿದ್ದಳು. ನಾನದನ್ನು ಎಷ್ಟು ಸಲ ಕೇಳಿದೆನೋ, ಎಲ್ಲಿಯೂ 'ಬಟ್ಟಲು' ಎಂಬ ಮಾತು ಬರಲಿಲ್ಲ.

ನಮ್ಮ ಮನೆಯವರು, "ತೂಕ ಹೇಳ್ಯಾಳಲ್ಲ, ಅಂಗಡ್ಯಾಗ ತೂಗಿ ಕೊಡ್ತೀನಿ, ಒಯ್ದು ಕುಟ್ಟಿಸು" ಅಂದರು. ಅಂಗಡಿಯವರಿಗೆ ಎಲ್ಲವೂ ತೂಕವೇ. ನನಗೆ ಹಾಗಲ್ಲ. ಗ್ರಾಂ ಹಾಕಿ ಮಾಡಿದರೆ ಅದು ಅವಳ ಖಾರ, ಬಟ್ಟಲಿನಲ್ಲಿ ಅಳೆದರೆ ನಮ್ಮವ್ವನ ಖಾರ. ಅವ್ವನ ಹತ್ತಿರ ಒಂದೇ ಅಳತೆಯ ಎರಡು ಹಿತ್ತಾಳೆ ಬಟ್ಟಲುಗಳಿದ್ದವು. ಮದುವೆಯಲ್ಲಿ ಒಂದನ್ನು ನನ್ನ ಪಾತ್ರೆಗಳ ಜೊತೆ ಇಟ್ಟು ಕಳಿಸಿದ್ದಳು. ತಮ್ಮನ ಹೆಂಡತಿಗೆ ತೂಕ ಸಿಕ್ಕಿರಬಹುದು, ಬಟ್ಟಲು ನನ್ನ ಹತ್ತಿರವಿದೆ. ಅವಳ ಗ್ರಾಮುಗಳನ್ನೆಲ್ಲ ತಿರುಗಿ ಬಟ್ಟಲಿಗೆ ಇಳಿಸಿಯೇ ತೀರುವೆನೆಂದು ಹಟ ಹಿಡಿದೆ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಒಂದು ಕಪ್ ಮೈದಾ ಇಷ್ಟು ಗ್ರಾಂ, ಒಂದು ಕಪ್ ಸಕ್ಕರೆ ಇಷ್ಟು, ಬೆಣ್ಣೆ ಇಷ್ಟು ಎಂದು ಸಾಲುಸಾಲಾಗಿ ಬಂತು. ಯಾರ ಮನೆಯ ಕಪ್ಪೋ, ಯಾವ ದೇಶದ ಬೆಣ್ಣೆಯೋ. ಅಷ್ಟುದ್ದದ ಪಟ್ಟಿಯಲ್ಲಿ ಹವೀಜ ಮಾತ್ರ ಇಲ್ಲ. ಒಂದು ತಿಳಿಯಿತು. ಗ್ರಾಮನ್ನು ಬಟ್ಟಲಿಗೆ ಇಳಿಸಲು ಎಲ್ಲಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಹವೀಜ ಬಟ್ಟಲು ತುಂಬ ಕಂಡರೂ ಹಗುರ, ಉಪ್ಪು ಅಷ್ಟೇ ಬಟ್ಟಲಿನಲ್ಲಿ ಕೂತು ಅದರ ಮೂರು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಒಂದೊಂದು ಸಾಮಾನನ್ನೂ ನನ್ನದೇ ಬಟ್ಟಲಿನಲ್ಲಿ ತುಂಬಿ ತೂಗಿ ನೋಡದೆ ಬೇರೆ ದಾರಿ ಇರಲಿಲ್ಲ.

ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಬಟ್ಟಲು ಹಿಡಿದುಕೊಂಡು ಅಂಗಡಿಗೆ ಹೋದೆ. ಖಾಲಿ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರುವುದನ್ನು ನಮ್ಮ ಮನೆಯವರು ಕಲಿಸಿಕೊಟ್ಟರು. ಹವೀಜ ತುಂಬಿ, ಬೆರಳಿನಿಂದ ಕಂಠದ ಸಮಕ್ಕೆ ಸವರಿ ಇಟ್ಟೆ. ಎಪ್ಪತ್ತು ಗ್ರಾಂ. ಜೀರಿಗೆ ತೊಂಬತ್ತು. ಎಳ್ಳು ನೂರ ಇಪ್ಪತ್ತು. ಉಪ್ಪು ಇನ್ನೂರ ನಲವತ್ತು. ಎಣ್ಣೆ ತುಂಬಿದಾಗ ಅಂಚಿನಿಂದ ಒಂದು ಹನಿ ತಕ್ಕಡಿಯ ಮೇಲೆ ಬಿತ್ತು, ಅವರು ಮುಖ ಗಂಟಿಕ್ಕಿಕೊಂಡು ಒರೆಸಿದರು. ಎಣ್ಣೆ ನೂರ ಎಂಬತ್ತು.

"ಯಕ್ಕಾ, ಏನ ಪರೀಕ್ಷಾ ನಡಸೀರಿ?" ಎಂದು ಬೆಲ್ಲ ಒಯ್ಯಲು ಬಂದ ಮುದುಕಿ ಕೇಳಿದಳು.

"ಅವರ ತವರಮನಿ ತೂಗಾಕ ಹತ್ಯಾರ" ಅಂದರು ನಮ್ಮ ಮನೆಯವರು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಅವಳು ಹೇಳಿದ ಹವೀಜ ನನ್ನ ಬಟ್ಟಲಿಗೆ ಐದೂಕಾಲು ಆಯಿತು. ಜೀರಿಗೆ ಒಂದು ಬಟ್ಟಲು, ಮೇಲೆ ಕಾಲಿಗಿಂತ ತುಸು ಜಾಸ್ತಿ. ಎಳ್ಳು ಒಂದೂಕಾಲು. ಉಪ್ಪು ಒಂದೂಕಾಲು. ಎಣ್ಣೆಯೊಂದೇ ಸರಿಯಾಗಿ ಒಂದು ಬಟ್ಟಲು. ಇನ್ನೊಮ್ಮೆ ಲೆಕ್ಕ ಹಾಕಿದರೂ ಅದೇ. ನಮ್ಮವ್ವ ಕಾಲು ಬಟ್ಟಲಿನ ಹೆಂಗಸಲ್ಲ. ಹಾಕಿದರೆ ಒಂದು, ಇಲ್ಲವೆಂದರೆ ಎರಡು, ಅರ್ಧಕ್ಕೂ ಅವಳ ಕೈ ಬಗ್ಗುವುದಿಲ್ಲ. ಹಾಗಿದ್ದ ಮೇಲೆ ಪ್ರತಿಯೊಂದಕ್ಕೂ ಈ ಕಾಲು ಎಲ್ಲಿಂದ ಬಂತು?

ಎಲ್ಲಿಂದ ಬಂತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಅವಳೇ ಹಾಕಿದ್ದು. ನನ್ನ ಖಾರ ಕೆಡಲಿ, ಉಪ್ಪು ಹೆಚ್ಚಾಗಿ ಬಾಯಿಗೆ ಇಡಲಾರದಂತಾಗಲಿ, ಮುಂದಿನ ವರ್ಷ ಬಾಯಿ ಮುಚ್ಚಿಕೊಂಡು ತನ್ನ ಡಬ್ಬಿಗೇ ಕೈ ಚಾಚಲಿ ಎಂದು ಎಲ್ಲದಕ್ಕೂ ಕಾಲು ಕಾಲು ಏರಿಸಿ ಹೇಳಿದ್ದಾಳೆ. ಎಣ್ಣೆ ಯಾಕೆ ಸರಿ ಹೇಳಿದಳು? ಒಂದು ಸರಿ ಇದ್ದರೆ ಉಳಿದದ್ದರ ಮೇಲೆ ಸಂಶಯ ಬರುವುದಿಲ್ಲವಲ್ಲ, ಅದಕ್ಕೆ. ಮೆತ್ತಗಿನ ದನಿಯವರನ್ನು ನಂಬಬಾರದು ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಆ ದಿನ ನನಗಾದ ಸಂತೋಷ ಹೇಳತೀರದು. ಇಷ್ಟು ವರ್ಷ ಕಾರಣವಿಲ್ಲದೆ ಉರಿಯುತ್ತಿದ್ದ ಹೊಟ್ಟೆಗೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು.

"ಅಕಿ ಯಾಕ ಹಂಗ ಮಾಡ್ತಾಳ? ನಿಂದs ಏನರ ತಪ್ಪಿರಬೇಕು" ಅಂದರು ನಮ್ಮ ಮನೆಯವರು.

"ನಿಮಗ ಗೊತ್ತಾಗೂದಿಲ್ಲ, ಸುಮ್ಮಕಿರ್ರಿ" ಅಂದೆ. ಮರುದಿನ ಮುಂಜಾನೆ ಬಟ್ಟಲನ್ನು ಸೆರಗಿನ ತುದಿಯಿಂದ ಒರೆಸಿ ಬ್ಯಾಗಿಗೆ ಹಾಕಿಕೊಂಡು ಬೆಟಗೇರಿಗೆಂದು ಗದಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತ ಹೋದೆ. ಪಕ್ಕದಲ್ಲಿ ಕೂತ ಹೆಂಗಸು ಒಂದೆರಡು ಸಲ ನನ್ನ ಮುಖ ನೋಡಿದಳು. ನನ್ನ ತುಟಿಗಳು ಅಲ್ಲಾಡುತ್ತಿದ್ದವೆಂದು ಕಾಣುತ್ತದೆ.

ಬೆಟಗೇರಿಯ ಮನೆಗೆ ಹೋದಾಗ ಪಕ್ಕದ ಮನೆಯ ಮಗ್ಗ ನಡೆದಿತ್ತು. ಆ ಸಪ್ಪಳದಲ್ಲಿ ಮಾತಾಡಬೇಕಾದರೆ ದನಿ ತಾನಾಗಿಯೇ ಏರುತ್ತದೆ, ನನಗೆ ಅದೂ ಅನುಕೂಲವೇ ಆಯಿತು. ಅವ್ವ ಪಡಸಾಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. "ಯಾರು? ಮುಂಡರಗ್ಯಾಕೇನ? ಖಬರಿಲ್ಲದs ಬಂದಿಯಲ್ಲ" ಅಂದಳು. ಅವಳ ಕೈಯನ್ನೊಮ್ಮೆ ಮುಟ್ಟಿ ನೆಟ್ಟಗೆ ಅಡಿಗೆಮನೆಗೆ ನಡೆದೆ. ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಕ್ಕಾರ, ಕುಂಡ್ರಿ" ಅಂದಳು.

"ಕುಂಡ್ರಾಕ ಬಂದಿಲ್ಲ. ನಿನ್ನ ತಕ್ಕಡಿ ತಗಿ" ಅಂದೆ.

ಹಿಟ್ಟಿನ ಕೈ ತೊಳೆದುಕೊಂಡು ತಕ್ಕಡಿ ತಂದು ಕಟ್ಟೆಯ ಮೇಲಿಟ್ಟಳು. ನಾನು ನನ್ನ ಬಟ್ಟಲಿಗೆ ಅವಳದೇ ಡಬ್ಬಿಯ ಹವೀಜ ಸುರಿದು, ಬೆರಳಿನಿಂದ ಸವರಿ, ಗಾಜಿನ ಮೇಲಿಟ್ಟೆ. ಎಪ್ಪತ್ತು. "ನೋಡು. ಬಟ್ಟಲಕ ಎಪ್ಪತ್ತು. ನೀ ಹೇಳಿದ ಲೆಕ್ಕಕ್ಕ ಐದೂಕಾಲು ಬಟ್ಟಲು ಆಕ್ಕೇತಿ. ನಮ್ಮವ್ವ ಎಂದರ ಐದೂಕಾಲು ಬಟ್ಟಲು ಹಾಕಿದ್ದು ಕೇಳಿಯೇನು? ಸುಳ್ಳ ಅಳತಿ ಯಾಕ ಕೊಟ್ಟಿ ನನಗ?"

ಅವಳು ಬಟ್ಟಲನ್ನು ನೋಡಿದಳು. ಆಮೇಲೆ ನನ್ನ ಬೆರಳನ್ನು ನೋಡಿದಳು. "ಸುಳ್ಳಲ್ರಿ ಅಕ್ಕಾರ. ನೀವು ಸವರಿದ್ರಿ. ಅತ್ತ್ಯಾರು ಸವರಿರಲಿಲ್ಲ."

"ಅಂದ್ರ?"

"ಅವರನ್ನ ಕೇಳ್ರಿ."

ನಮ್ಮ ದನಿ ಕೇಳಿ ಅವ್ವನೇ ಎದ್ದು ಗೋಡೆ ಹಿಡಿದುಕೊಂಡು ಬಂದಿದ್ದಳು. ಮೆಣಸಿನಕಾಯಿ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಟ್ಟೆಗೆ ಬಂದಳು. ನಾನು ಸವರಿದ ಬಟ್ಟಲನ್ನು ಕೈಯಿಂದ ತಡವಿ, "ಇದೇನ ಇದು, ಬೋಳ ಬಟ್ಟಲಾ!" ಅಂದಳು. ಡಬ್ಬಿಗೆ ಕೈ ಹಾಕಿ ಬೊಗಸೆಯಿಂದ ಹವೀಜ ತೆಗೆದು ಬಟ್ಟಲಿನ ಮೇಲೆ ಸುರಿಯುತ್ತ, ಇನ್ನೊಂದು ಕೈಯನ್ನು ಸುತ್ತ ಅಡ್ಡ ಹಿಡಿದು, ಕಾಳು ಜಾರತೊಡಗುವ ತನಕ ಏರಿಸಿದಳು. ಬಟ್ಟಲಿನ ಮೇಲೆ ಒಂದು ಸಣ್ಣ ಗುಡ್ಡೆ ನಿಂತಿತು. ತಕ್ಕಡಿಯಲ್ಲಿ ತೊಂಬತ್ತೆರಡು ಬಂತು. ಇಂಥ ನಾಲ್ಕು ಬಟ್ಟಲಿಗೆ ಹೆಚ್ಚೂಕಡಿಮೆ ತಮ್ಮನ ಹೆಂಡತಿ ಹೇಳಿದ ಮುನ್ನೂರ ಎಪ್ಪತ್ತು.

"ಅವತ್ತ ತೂಗಿದ್ದು ನಿನಗ ಕಳಸೂ ಖಾರದ್ದು" ಅಂದಳು ಅವ್ವ. "ಮಗಳ ಮನಿಗೆ ಹೋಗೂದನ್ನ ಸವರಿ ಅಳೀತಾರೇನ? ತಲಿ ತುಂಬ ಹಾಕಬೇಕು. ಮನೀಗೆ ಮಾಡೂದಕ್ಕ ಸವರಬೇಕು. ಇಷ್ಟೂ ತಿಳೀದಿಲ್ಲೇನ ನಿನಗ?"

ತಿಳಿದಿರಲಿಲ್ಲ. ನನಗೆ ಯಾರು ಹೇಳಿದ್ದರು? ಅವ್ವ ಪ್ರತಿವರ್ಷ ನನ್ನ ಪಾಲನ್ನು ಮನೆಯ ಪಾಲಿಗಿಂತ ಮೊದಲು, ಬೇರೆಯಾಗಿ ಕುಟ್ಟಿಸುತ್ತಿದ್ದಳು ಎಂಬುದೂ ಆಗಲೇ ಗೊತ್ತಾದದ್ದು. ಎಣ್ಣೆ ಯಾಕೆ ಸರಿ ಬಂದಿತ್ತೆಂದು ತಟ್ಟನೆ ಹೊಳೆಯಿತು. ಎಣ್ಣೆಯನ್ನು ಯಾರೂ ಗುಡ್ಡೆ ಹಾಕಲಾರರು. ಮಗಳಾಗಲಿ ಸೊಸೆಯಾಗಲಿ, ಎಣ್ಣೆ ಎಲ್ಲರಿಗೂ ಕಂಠದವರೆಗೇ.

ನನ್ನ ಎದೆ ಹೇಗೆ ಉಬ್ಬಿತೆಂದು ಹೇಳಿದರೆ ನೀವು ನಗಬಹುದು. ಸುಳ್ಳು ಹೇಳಿದ್ದಾಳೆಂದು ಬಂದವಳಿಗೆ ಅವಳ ಮುಂದೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವ್ವ ನನಗೆ ತಲೆ ತುಂಬ ಹಾಕುತ್ತಿದ್ದಳು, ಅವಳಿಗೆ ಸವರುತ್ತಿದ್ದಳು. ಅವಳ ತಕ್ಕಡಿಯೇ ಅದಕ್ಕೆ ಸಾಕ್ಷಿ ಹೇಳಿದೆ. ಬಟ್ಟಲಿಗೆ ಇಪ್ಪತ್ತೆರಡು ಗ್ರಾಂ ನಾನು ಹೆಚ್ಚಿನವಳು. ಗುಳಿಗೆ ಯಾವುದು ಎಂಬುದು ಅವಳಿಗೆ ಗೊತ್ತಿದ್ದರೆ ಇರಲಿ.

ಅವ್ವ ಪಡಸಾಲೆಗೆ ಹೋದಳು. ನಾನು ಇನ್ನೂ ಆ ಗುಡ್ಡೆಯನ್ನೇ ನೋಡುತ್ತ ನಿಂತಿದ್ದೆ. ತಮ್ಮನ ಹೆಂಡತಿ ಮತ್ತೆ ರೊಟ್ಟಿಗೆ ಹಿಟ್ಟು ಹಿಡಿದಳು. ನನ್ನ ಕಡೆ ನೋಡದೆ ಅಂದಳು, "ಅಕ್ಕಾರ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ತಕ್ಕಡಿ ಕೇಕಿಗೆ ತಂದಿದ್ದಲ್ಲ."

"ಮತ್ತ್ಯಾಕ ತಂದಿ?"

"ನಿಮಗ ಎಷ್ಟ ಹೆಚ್ಚ ಹೊಕ್ಕೇತಿ ನೋಡೂಣು ಅಂತ." ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. "ವರ್ಷಾ ವರ್ಷಾ ಕಣ್ಣಾರೆ ನೋಡ್ತಿದ್ದೆ ನಾ. ನಿಮ್ಮ ಪಾಲಿಗೆ ಹಿಂಗ ಏರಸ್ತಿದ್ರು, ನಮ್ಮ ಪಾಲಿಗೆ ಬಂದ ಕೂಡ್ಲೆ ಬೆರಳ ಎಳೀತಿದ್ರು. ಅಂದಾಜಿಲೆ ನೋಡಿ ನೋಡಿ ಸಾಕಾಗಿತ್ತು. ಖರೆ ಎಷ್ಟು ಅಂತ ತಿಳಕೋಬೇಕಾಗಿತ್ತು. ಎರಡೂ ತೂಗೀನಿ. ನಂದೂ ಐತಿ ಮೊಬೈಲಿನ್ಯಾಗ, ನಿಮ್ಮದೂ ಐತಿ. ನೀವು ಅಳತಿ ಕೇಳಿದಾಗ ಯಾವುದು ಹೇಳಲಿ ಅಂತ ಭಾಳ ಹೊತ್ತ ಕುಂತಿದ್ದೆ. ಆಮ್ಯಾಲೆ ನಿಮ್ಮದs ಹೇಳಿದೆ."

ಅರ್ಧ ಗಂಟೆ ತಡವಾಗಿ ಬಂದ ಮೆಸೇಜು ಆ ಅರ್ಧ ಗಂಟೆಯಲ್ಲಿ ಎಲ್ಲಿತ್ತು ಎಂದು ತಿಳಿಯಿತು. ಜಗತ್ತಿನಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬಳ ಆಸ್ತಿ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ದುಡ್ಡು ಕೊಟ್ಟು ಯಂತ್ರ ತರಿಸಿ, ಗ್ರಾಂ ಲೆಕ್ಕದಲ್ಲಿ ಹೊಟ್ಟೆಕಿಚ್ಚು ಪಟ್ಟವಳು ಒಬ್ಬಳು ರೊಟ್ಟಿ ಬಡಿಯುತ್ತ ನಿಂತಿದ್ದಾಳೆ. ನನಗಿಂತ ಅಚ್ಚುಕಟ್ಟು. ಅದಕ್ಕೂ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅವಳು ಕೊಟ್ಟ ಬಿಸಿರೊಟ್ಟಿ ಉಂಡೆ. ಬದನೆಕಾಯಿ ಪಲ್ಯಕ್ಕೆ ಹಾಕಿದ್ದು ಈ ವರ್ಷ ಅವಳು ಸವರಿದ ಬಟ್ಟಲಿನ ತೂಕದಲ್ಲಿ ಮಾಡಿದ ಖಾರ. ಮೆಣಸಿನಕಾಯಿ ಮುಂದೆ ಬಂದು, ಹವೀಜದ ವಾಸನೆ ಹಿಂದೆ ನಿಲ್ಲುವ ಖಾರ. ನಮ್ಮ ಮನೆಯ ಡಬ್ಬಿಯದಕ್ಕಿಂತ ಬೇರೆಯೇ ರುಚಿ. ಹುಡುಗಿಯಾಗಿದ್ದಾಗ ನಾನು ಉಂಡದ್ದು ಇದೇ. ಮದುವೆಯಾದ ಮೇಲೆ ಖಾರ ಮೆತ್ತಗಾದಂತೆ ಅನಿಸಿದಾಗ, ನನ್ನ ನಾಲಿಗೆ ಮುಂಡರಗಿಯ ನೀರಿಗೆ ಹೊಂದಿಕೊಂಡಿತೆಂದು ತಿಳಿದಿದ್ದೆ.

ವಾಪಸ್ಸು ಬಂದು ಖಾರ ಮಾಡಿದೆ. ಅಂಗಡಿಯ ತಕ್ಕಡಿ ಮುಟ್ಟಲಿಲ್ಲ. ಬಟ್ಟಲಿನಲ್ಲೇ ಅಳೆದೆ. ಸವರಿದ ಐದೂಕಾಲು ಬಟ್ಟಲು ಹಾಕಿದರೂ ತೂಕಕ್ಕೆ ಅಷ್ಟೇ ಆಗುತ್ತಿತ್ತು, ಆದರೆ ನಾಲ್ಕನ್ನೇ ಗುಡ್ಡೆ ಏರಿಸಿದೆ. ಮೊದಮೊದಲು ಗುಡ್ಡೆ ನಿಲ್ಲಲೇ ಇಲ್ಲ, ಕಾಳು ಜಾರಿ ನೆಲವೆಲ್ಲ ಹವೀಜವಾಯಿತು. ಕೈಯನ್ನು ಸುತ್ತ ಅಡ್ಡ ಹಿಡಿಯುವುದು ಬರುವವರೆಗೆ ಬಗ್ಗಿ ಬಗ್ಗಿ ಆರಿಸಿದೆ. ನಮ್ಮ ಮನೆಯವರು ಸೊಪ್ಪಿನ ಮುದ್ದೆಪಲ್ಯ ಉಂಡು, "ನಿಮ್ಮವ್ವಂದs ಇದ್ದಂಗ ಐತಿ" ಅಂದರು. ಆ ಮಾತಿಗೆ ಎಷ್ಟು ವರ್ಷದಿಂದ ಕಾದಿದ್ದೆ!

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಮನಸ್ಸು ಕೇಳಲಿಲ್ಲ. ಇನ್ನೊಂದು ಕಿಲೋ ಮೆಣಸಿನಕಾಯಿ ತರಿಸಿ, ಮತ್ತೊಮ್ಮೆ ಮಾಡಿ, ಒಂದು ಡಬ್ಬಿ ತುಂಬಿ ಬೆಟಗೇರಿಗೆ ಕಳಿಸಿದೆ. ಮಗಳ ಮನೆಯಿಂದ ತವರಿಗೆ ಖಾರ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಯಾಕೆ ಕಳಿಸಿದೆ ಎಂದರೆ, ಒಳ್ಳೆಯತನದಿಂದಲ್ಲ. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿದೆ ಎಂದು ಗೊತ್ತಾದ ಮೇಲೆ ನನಗೆ ಕೊಡುವವಳಾಗಬೇಕಿತ್ತು. ನಿನಗೆ ಯಾರೂ ಗುಡ್ಡೆ ಏರಿಸದಿದ್ದರೆ ನಾನು ಏರಿಸುತ್ತೇನೆ, ತಗೋ ಎಂದು ಮೇಲಿನಿಂದ ಹೇಳಬೇಕಿತ್ತು. ಒಂದೊಂದು ಬಟ್ಟಲನ್ನೂ ಅವ್ವನಿಗಿಂತ ಎತ್ತರಕ್ಕೆ ಏರಿಸಿದೆ. ಗದಗಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಡಬ್ಬಿ ಕೊಟ್ಟು, "ನನ್ನ ತಮ್ಮನ ಹೆಂಡ್ತಿ ಕೈಯಾಗs ಕೊಡ್ರಿ" ಎಂದು ಒತ್ತಿ ಹೇಳಿದೆ.

ಸಂಜೆ ಫೋನು ಬಂತು. ಅವಳದೇ ನಂಬರು. ಏನೆನ್ನುತ್ತಾಳೋ ಎಂದು ತಯಾರಾಗಿ ಎತ್ತಿದರೆ ಆ ಕಡೆ ಅವ್ವ.

"ಡಬ್ಬಿ ಮುಟ್ಟಿತು" ಅಂದಳು.

"ಹ್ಯಾಂಗಾಗೇತಿಬೇ?"

"ನನಗೇನ ಗೊತ್ತು? ಅಕಿ ಕೈಯಾಗs ಕೊಡು ಅಂತ ಹೇಳಿ ಕಳಸೀಯಂತ. ಅಕಿ ಬಿಚ್ಚಿದ್ಲು. ವಾಸನಿ ತಗೊಂಡು ಒಂದಿಷ್ಟ ಹೊತ್ತ ಅತ್ಲು. ಈಗ ಯಾರಿಗೂ ಮುಟ್ಟಾಕ ಕೊಡವಲ್ಲಳು, ಎತ್ತಿ ಮ್ಯಾಲಿಟ್ಟಾಳ."

ಆ ಕಡೆ ಮಗ್ಗ ನಿಂತಿತ್ತು, ಅವಳ ಉಸಿರು ಕೇಳುತ್ತಿತ್ತು.

"ಯವ್ವಾ, ಸಿಟ್ಟಾಗಿಯೇನು?"

"ಸಿಟ್ಟ ಯಾಕ. ಅಕೀಗೆ ಕಳಿಸಿದ್ದು ಚಲೋನ ಆತು." ಆಮೇಲೆ ಬಂದ ದನಿ ಅವಳದು ಅನಿಸಲೇ ಇಲ್ಲ. ಇಷ್ಟು ವರ್ಷ ನನ್ನೊಳಗೇ ಕೇಳಿಸಿಕೊಳ್ಳುತ್ತಿದ್ದ ದನಿ ಅದು.

"ನಮ್ಮವ್ವ ಹ್ವಾದ ಮ್ಯಾಲೆ ನನಗ ಯಾರೂ ಒಂದ ಚಮಚಾ ಖಾರ ಕಳಿಸಿಲ್ಲ ನೋಡು. ನಾನೂ ಒಬ್ಬಾಕಿ ಮಗಳಾಗಿದ್ದೆ ಅಂತ ನಿಮಗ್ಯಾರಿಗೂ ಹೊಳೀಲಿಲ್ಲೇನು?"